ರಿಪೋರ್ಟ್ ನಾರ್ಮಲ್ ಬಂತು, ಆಮೇಲೆ?

(ಸಂಘದ ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)

ಅಡುಗೆ, ಮಕ್ಕಳ ಟ್ಯೂಷನ್, ಭಾನುವಾರದ ಮೆಗಾಬ್ಲಾಕ್ ಇವೆಲ್ಲವನ್ನೂ ದಾಟಿಕೊಂಡು ಬಂದಿರುವ ಅಕ್ಕತಂಗಿಯರೇ,

ಈ ವೇದಿಕೆಯ ಮೇಲೆ ನಾನು ಹಾಡಿದ್ದೇನೆ, ರಂಗೋಲಿ ಸ್ಪರ್ಧೆಗೆ ತೀರ್ಪು ಕೊಟ್ಟಿದ್ದೇನೆ, ರಾಜ್ಯೋತ್ಸವದ ನಾಟಕದಲ್ಲಿ ಅತ್ತೆಯ ಪಾತ್ರವನ್ನೂ ಮಾಡಿದ್ದೇನೆ. ಕಾಯಿಲೆಯ ಬಗ್ಗೆ ಮಾತಾಡುತ್ತಿರುವುದು ಇದೇ ಮೊದಲು. ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವಳು. ಹಾಗಾಗಿ ಇದನ್ನು ವೈದ್ಯಕೀಯ ಉಪನ್ಯಾಸ ಎಂದುಕೊಳ್ಳಬೇಡಿ. ಸ್ಕ್ಯಾನಿಂಗ್ ಮೇಲೆ ನಂಬಿಕೆ ಕಳೆದುಕೊಂಡ ಒಬ್ಬ ಹೆಂಗಸು, ಅದರಲ್ಲಿ ಎಷ್ಟನ್ನು ವಾಪಸ್ ಪಡೆದಳು ಎಂಬ ಲೆಕ್ಕ ಎಂದುಕೊಳ್ಳಿ.

ನನಗೆ ಆಗ ನಲವತ್ತೊಂಬತ್ತು ವರ್ಷ. ಎಡಗಡೆಯ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಏನೋ ದಪ್ಪಗಾದ ಹಾಗೆ ಕೈಗೆ ತಗಲುತ್ತಿತ್ತು. ಗೋಲಿಯ ಹಾಗೆ ಗಂಟಲ್ಲ. ಹಿಟ್ಟು ಕಲಸುವಾಗ ಒಂದು ಕಡೆ ಗಟ್ಟಿಯಾಗಿ ಉಳಿದುಬಿಡುತ್ತದಲ್ಲ, ಹಾಗೆ. ಒಂದು ವಾರದಲ್ಲಿ ಡಾಕ್ಟರ ಹತ್ತಿರ ಹೋದೆ. ಅವರು ಮುಟ್ಟಿ ನೋಡಿ, ಮ್ಯಾಮೋಗ್ರಾಮ್‌ಗೆ ಚೀಟಿ ಬರೆದರು. ಮ್ಯಾಮೋಗ್ರಾಮ್ ಆಯಿತು. ಎರಡು ದಿನಕ್ಕೆ ರಿಪೋರ್ಟ್ ಬಂತು. ಅನುಮಾನ ಪಡುವಂಥದ್ದು ಏನೂ ಕಾಣುತ್ತಿಲ್ಲ, ಒಂದು ವರ್ಷ ಬಿಟ್ಟು ಮತ್ತೆ ಮಾಡಿಸಿ ಎಂದಿತ್ತು. ಡಾಕ್ಟರು ನಕ್ಕು, "ಎಲ್ಲ ನಾರ್ಮಲ್ ಇದೆ, ಆರಾಮಾಗಿರಿ" ಎಂದರು. ಮನೆಗೆ ಬರುವಾಗ ಸ್ಟೇಷನ್ ಹೊರಗೆ ಪೇಢೆ ಕೊಂಡು ತಂದೆ.

ಏಳು ತಿಂಗಳ ನಂತರ ಅದೇ ಕಡೆಯ ತೊಟ್ಟು ಒಳಕ್ಕೆ ಎಳೆದುಕೊಂಡಿತು. ಈ ಸಲ ಬೇರೆ ಡಾಕ್ಟರು. ಸೋನೋಗ್ರಫಿ, ಎಂಆರ್‌ಐ, ಕೊನೆಗೆ ಬಯಾಪ್ಸಿ. ಕ್ಯಾನ್ಸರ್ ನಾಲ್ಕು ಸೆಂಟಿಮೀಟರಿನಷ್ಟಿತ್ತು. ಕಂಕುಳಿನ ಮೂರು ಗ್ರಂಥಿಗಳಿಗೂ ಹೋಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್, ಆಮೇಲೆ ಐದು ವರ್ಷ ಮಾತ್ರೆ. ಆ ಭಾಗವನ್ನು ಇಲ್ಲಿ ಬಹಳ ಹೇಳುವುದಿಲ್ಲ. ಇಲ್ಲಿ ಕೂತವರಲ್ಲಿ ಅದನ್ನು ದಾಟಿ ಬಂದವರು ಇನ್ನೂ ಇದ್ದಾರೆ, ಅವರಿಗೆ ಗೊತ್ತು.

ಕಾಯಿಲೆಗಿಂತ ಹೆಚ್ಚು ಚುಚ್ಚಿದ್ದು ಒಂದು ಪ್ರಶ್ನೆ. ನೋಡಲು ಬಂದವರೆಲ್ಲ ಸೇಬು, ಎಳನೀರು ಇಟ್ಟು, "ಮೊದಲೇ ತೋರಿಸಿಕೊಳ್ಳಬಾರದಿತ್ತೇನೆ?" ಎನ್ನುತ್ತಿದ್ದರು. ನಾನು ತೋರಿಸಿಕೊಂಡಿದ್ದೆ. ಕಪಾಟಿನಲ್ಲಿ ನಾರ್ಮಲ್ ಎಂದು ಬರೆದ ಕಾಗದ ಇತ್ತು. ಕೆಲವರಿಗೆ ಅದನ್ನು ತೆಗೆದು ತೋರಿಸಿದ್ದೂ ಉಂಟು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ.

ಚಿಕಿತ್ಸೆ ಮುಗಿದ ಮೇಲೆ ಇನ್ನೊಂದು ಸಮಸ್ಯೆ ಶುರುವಾಯಿತು. ಪ್ರತಿ ವರ್ಷ ಮ್ಯಾಮೋಗ್ರಾಮ್ ಮಾಡಿಸಬೇಕು. ರಿಪೋರ್ಟಿನಲ್ಲಿ ಏನಾದರೂ ಇದೆ ಎಂದರೆ ಹೆದರಿಕೆ ಆಗುವುದು ಸಹಜ. ನನಗೆ ಏನೂ ಇಲ್ಲ ಎಂದರೂ ಹೆದರಿಕೆ. ಹೋದ ಸಲವೂ ಇದನ್ನೇ ಹೇಳಿದ್ದಿರಲ್ಲ ಎಂದು ಮನಸ್ಸು ಕೇಳುತ್ತಿತ್ತು. ಒಳ್ಳೆಯ ಸುದ್ದಿ ಕೇಳಿ ಸಂತೋಷ ಪಡುವ ಶಕ್ತಿಯೇ ಹೋಗಿಬಿಟ್ಟಿತ್ತು. ಮೊಣಕಾಲಿನ ಎಕ್ಸ್‌ರೇ ಆಗಲಿ, ಯಜಮಾನರ ಹೊಟ್ಟೆಯ ಸೋನೋಗ್ರಫಿ ಆಗಲಿ, ಯಾವುದನ್ನೂ ನಂಬಲು ಆಗುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಬಳಗದ ಒಬ್ಬರು ಫೋನ್ ಮಾಡಿದರು. ಅವರಿಗೆ ಐವತ್ತೆರಡು. ಡಾಕ್ಟರು ಬರೆದುಕೊಟ್ಟ ಮ್ಯಾಮೋಗ್ರಾಮ್ ಚೀಟಿ ಮೂರು ತಿಂಗಳಿಂದ ಪರ್ಸಿನಲ್ಲೇ ಇತ್ತಂತೆ. "ನಿಮ್ಮದನ್ನು ನೋಡಿದ ಮೇಲೆ ತೀರ್ಮಾನ ಮಾಡಿಬಿಟ್ಟೆ ಅಕ್ಕ. ಅಷ್ಟು ದುಡ್ಡು ಕೊಟ್ಟು, ನೋವು ತಿಂದು, ಕೊನೆಗೆ ಸುಳ್ಳು ರಿಪೋರ್ಟ್ ತಗೊಳ್ಳೋದು ಯಾಕೆ? ಹಣೇಲಿ ಬರೆದದ್ದು ಆಗುತ್ತೆ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸಂಕಟ ಇನ್ನೊಬ್ಬರಿಗೆ ಪರೀಕ್ಷೆ ತಪ್ಪಿಸಿಕೊಳ್ಳುವ ನೆಪವಾದರೆ, ಆ ಒಂದು ರಿಪೋರ್ಟು ನನ್ನನ್ನು ಮಾತ್ರವಲ್ಲ, ಅವರನ್ನೂ ಕೆಡಿಸಿದ ಹಾಗಾಗುತ್ತದೆ. ಹಾಗಾಗಿ ನಿಜವಾಗಿ ಏನಾಯಿತು ಎಂದು ತಿಳಿದುಕೊಳ್ಳಲು ಹೊರಟೆ. ಬ್ಯಾಂಕಿನ ಅಭ್ಯಾಸ ನೋಡಿ. ಲೆಕ್ಕ ತಾಳೆಯಾಗದಿದ್ದರೆ ಬೈದುಕೊಂಡು ಮನೆಗೆ ಹೋಗುವಂತಿಲ್ಲ, ವ್ಯತ್ಯಾಸ ಎಲ್ಲಿ ಬಂತು ಎಂದು ಹುಡುಕಲೇಬೇಕು.

ನನಗೆ ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ.

ಮ್ಯಾಮೋಗ್ರಾಮ್ ಎಂದರೆ ಸ್ತನದ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿಗಳು ಮತ್ತು ನಾರಿನ ಭಾಗ ಬೆಳ್ಳಗೆ ಕಾಣುತ್ತವೆ. ತೊಂದರೆ ಏನೆಂದರೆ, ಕ್ಯಾನ್ಸರ್ ಕೂಡ ಬೆಳ್ಳಗೇ ಕಾಣುತ್ತದೆ. ಕಪ್ಪು ಕಂಬಳಿಯ ಮೇಲೆ ಬಿದ್ದ ಅನ್ನದ ಅಗುಳನ್ನು ಯಾರಾದರೂ ಹುಡುಕಬಹುದು. ಬಿಳಿ ಪಂಚೆಯ ಮೇಲೆ ಬಿದ್ದರೆ? ಗ್ರಂಥಿ ಮತ್ತು ನಾರು ಹೆಚ್ಚಾಗಿರುವ ಸ್ತನಕ್ಕೆ ಡೆನ್ಸ್ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಬಹಳ ಹೆಂಗಸರಿಗೆ ಇರುವುದೇ. ಚಿಕ್ಕ ವಯಸ್ಸಿನಲ್ಲಿ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಅಂದರೆ ಮ್ಯಾಮೋಗ್ರಾಮ್‌ಗೆ ಕಷ್ಟವಾಗುವ ವಯಸ್ಸಿನಲ್ಲೇ ನಮ್ಮಲ್ಲಿ ಅನೇಕರಿಗೆ ಅದರ ಅಗತ್ಯ ಬೀಳುತ್ತದೆ.

ಎರಡನೆಯ ವಿಷಯ, ನನಗೆ ಬಂದದ್ದು ಲಾಬ್ಯುಲರ್ ಎಂಬ ಜಾತಿ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಹತ್ತು ಹದಿನೈದು ಈ ಜಾತಿಯವು. ಇದರ ಜೀವಕೋಶಗಳು ಒಂದು ಕಡೆ ಗುಂಪು ಕಟ್ಟಿ ಗಂಟಾಗುವುದು ಕಡಿಮೆ. ಒಂದರ ಹಿಂದೆ ಒಂದು ಸಾಲಾಗಿ, ಟಿಕೆಟ್ ಕಿಟಕಿಯ ಕ್ಯೂ ಹಾಗೆ ಹರಡುತ್ತವೆ. ಅದಕ್ಕೇ ಕೈಗೆ ಗಂಟು ಸಿಗುವುದಿಲ್ಲ, ದಪ್ಪಗಾದ ಹಾಗೆ ಅನಿಸುತ್ತದೆ. ಎಕ್ಸ್‌ರೇಯಲ್ಲೂ ಸ್ಪಷ್ಟವಾಗಿ ಕಾಣುವುದಿಲ್ಲ.

ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಹೇಳುವ ಪ್ರಕಾರ, ತಪಾಸಣೆಯ ಹೊತ್ತಿಗೆ ಇದ್ದ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡಾ 20ರಷ್ಟು ಮ್ಯಾಮೋಗ್ರಾಮ್‌ನಲ್ಲಿ ತಪ್ಪಿಹೋಗುತ್ತವೆ. ಐದರಲ್ಲಿ ಒಂದು. ಈ ಅಂಕಿ ಓದಿದಾಗ ಮೊದಲು ಬಂದದ್ದು ಸಿಟ್ಟು. ಇದನ್ನು ನನಗೆ ಯಾರೂ ಯಾಕೆ ಹೇಳಲಿಲ್ಲ? ಸ್ವಲ್ಪ ಹೊತ್ತಿನ ಮೇಲೆ ಉಳಿದ ನಾಲ್ಕೂ ಕಣ್ಣಿಗೆ ಬಿದ್ದವು. ನಾಲ್ಕು ಸಿಗುತ್ತವೆ, ಅದರಲ್ಲೂ ಎಷ್ಟೋ ಕೈಗೆ ಸಿಗುವ ಮೊದಲೇ ಸಿಗುತ್ತವೆ. ಫೋನ್ ಮಾಡಿದ ಆ ತಂಗಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಒಂದಕ್ಕಾಗಿ ನಾಲ್ಕನ್ನು ಬಿಡಬೇಡ.

ಅಮೆರಿಕದ ಕನೆಟಿಕಟ್ ರಾಜ್ಯದ ನ್ಯಾನ್ಸಿ ಕಪೆಲ್ಲೋ ಎಂಬ ಮಹಿಳೆಯ ಕತೆಯೂ ಓದಲು ಸಿಕ್ಕಿತು. ಪ್ರತಿ ವರ್ಷ ತಪ್ಪದೆ ಮ್ಯಾಮೋಗ್ರಾಮ್ ಮಾಡಿಸುತ್ತಿದ್ದವರು, ಪ್ರತಿ ವರ್ಷವೂ ನಾರ್ಮಲ್. 2004ರಲ್ಲಿ ಡಾಕ್ಟರ ಕೈಗೆ ಏನೋ ತಗಲಿತು. ಮ್ಯಾಮೋಗ್ರಾಮ್ ಮತ್ತೆ ನಾರ್ಮಲ್ ಎಂದಿತು, ಅಲ್ಟ್ರಾಸೌಂಡ್ ಮಾತ್ರ ಕ್ಯಾನ್ಸರ್ ತೋರಿಸಿತು. ಅಷ್ಟರಲ್ಲಿ ಅದು ಹದಿಮೂರು ಗ್ರಂಥಿಗಳಿಗೆ ಹರಡಿತ್ತು. ಅವರ ಸ್ತನ ಡೆನ್ಸ್ ಎಂಬುದು ಡಾಕ್ಟರುಗಳಿಗೆ ಗೊತ್ತಿತ್ತು, ಅವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಆಕೆ ಸ್ಕ್ಯಾನ್ ಬೇಡ ಎನ್ನಲಿಲ್ಲ, ಸ್ಕ್ಯಾನಿಗೆ ಕಾಣದ್ದು ಏನಿದೆ ಎಂದು ನಮಗೆ ತಿಳಿಸಿ ಎಂದರು. ಅವರ ಹೋರಾಟದಿಂದ 2009ರಲ್ಲಿ ಆ ರಾಜ್ಯದಲ್ಲಿ ಕಾನೂನು ಬಂತು. 2018ರಲ್ಲಿ ಅವರು ತೀರಿಕೊಂಡರು. 2024ರ ಸೆಪ್ಟೆಂಬರಿನಿಂದ ಅಮೆರಿಕ ಪೂರ್ತಿ, ಮ್ಯಾಮೋಗ್ರಾಮ್ ಮಾಡಿಸಿಕೊಂಡ ಪ್ರತಿ ಹೆಂಗಸಿಗೂ ಆಕೆಯ ಸ್ತನ ಡೆನ್ಸ್ ಹೌದೋ ಅಲ್ಲವೋ ಎಂದು ತಿಳಿಸುವುದು ಕಡ್ಡಾಯವಾಗಿದೆ.

ಇನ್ನು ನೋಡುವ ಕಣ್ಣಿನ ವಿಷಯ. 2013ರಲ್ಲಿ ಅಮೆರಿಕದ ಸಂಶೋಧಕರು ಒಂದು ತಮಾಷೆಯ ಪರೀಕ್ಷೆ ಮಾಡಿದರು. ಶ್ವಾಸಕೋಶದ ಸಿಟಿ ಸ್ಕ್ಯಾನ್ ಚಿತ್ರದೊಳಗೆ ಒಂದು ಗೊರಿಲ್ಲಾ ಚಿತ್ರ ಸೇರಿಸಿ, 24 ಜನ ರೇಡಿಯಾಲಜಿಸ್ಟರಿಗೆ ಕೊಟ್ಟು ಸಣ್ಣ ಗಂಟುಗಳನ್ನು ಹುಡುಕಲು ಹೇಳಿದರು. ಗೊರಿಲ್ಲಾ ಆ ಗಂಟುಗಳ 48 ಪಟ್ಟು ದೊಡ್ಡದಿತ್ತು. 24ರಲ್ಲಿ 20 ಜನಕ್ಕೆ ಅದು ಕಾಣಲೇ ಇಲ್ಲ. ಅವರು ದಡ್ಡರಲ್ಲ, ಕಳ್ಳರೂ ಅಲ್ಲ. ಮನಸ್ಸು ಒಂದನ್ನು ಹುಡುಕುವಾಗ ಇನ್ನೊಂದು ಕಣ್ಣೆದುರಿದ್ದರೂ ಕಾಣುವುದಿಲ್ಲ. ಎಲ್ಲಿ, ಏನು ಹುಡುಕಬೇಕು ಎಂದು ನೋಡುವವರಿಗೆ ಹೇಳುವುದು ಎಷ್ಟು ಮುಖ್ಯ ಎಂದು ನನಗೆ ಇದರಿಂದ ಅರ್ಥವಾಯಿತು.

ಆಮೇಲೆ ನನ್ನ ಹಳೆಯ ಫೈಲ್ ತೆಗೆದೆ. ಡಾಕ್ಟರು ಬರೆದ ಚೀಟಿಯಲ್ಲಿ "ಮ್ಯಾಮೋಗ್ರಾಮ್, ಎರಡೂ ಕಡೆ" ಎಂದಷ್ಟೇ ಇತ್ತು. ಎಡಗಡೆ ದಪ್ಪಗಾಗಿದೆ ಎಂಬ ಮಾತೇ ಇಲ್ಲ. ನಾನು ಅವರಿಗೆ ಹೇಳಿದ್ದೆ, ಅವರ ಕೈಗೂ ತಗಲಿತ್ತು, ಆದರೆ ಅದು ಚೀಟಿಗೆ ಬರಲಿಲ್ಲ. ರೇಡಿಯಾಲಜಿಸ್ಟ್ ನನ್ನನ್ನು ನೋಡಲಿಲ್ಲ, ಅವರಿಗೆ ಸಿಕ್ಕಿದ್ದು ಚೀಟಿ ಮತ್ತು ಚಿತ್ರ. ತೊಂದರೆ ಏನೂ ಇಲ್ಲದವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ ಬೇರೆ. ತೊಂದರೆ ಇದ್ದಾಗ ಮಾಡುವ ಪರೀಕ್ಷೆ ಬೇರೆ, ಅದರಲ್ಲಿ ಆ ಜಾಗದ ಹೆಚ್ಚಿನ ಚಿತ್ರ ತೆಗೆಯುತ್ತಾರೆ, ಜೊತೆಗೆ ಸೋನೋಗ್ರಫಿ ಮಾಡುತ್ತಾರೆ. ನನಗೆ ಬೇಕಾಗಿದ್ದದ್ದು ಎರಡನೆಯದು, ಆದದ್ದು ಮೊದಲನೆಯದು. ರಿಪೋರ್ಟಿನ ಮಧ್ಯದಲ್ಲಿ, ಡೆನ್ಸಿಟಿ ಸಿ ಎಂದು ಒಂದು ಸಾಲು ಇತ್ತು. ಅದರ ಅರ್ಥವನ್ನು ನನಗೆ ಯಾರೂ ಹೇಳಿರಲಿಲ್ಲ.

ಹಳೆಯ ಫಿಲ್ಮನ್ನು ಇಬ್ಬರು ರೇಡಿಯಾಲಜಿಸ್ಟರಿಗೆ ತೋರಿಸಿದೆ. ಒಬ್ಬರು "ಇಲ್ಲಿ ನೋಡಿ, ಸ್ವಲ್ಪ ಎಳೆದ ಹಾಗಿದೆ, ಗಮನಿಸಬಹುದಿತ್ತು" ಎಂದರು. ಇನ್ನೊಬ್ಬರು "ಈಗ ಗೊತ್ತಿರುವುದರಿಂದ ಕಾಣುತ್ತದೆ. ಆಗ ನನ್ನ ಮುಂದೆ ಬಂದಿದ್ದರೆ ನಾನೂ ನಾರ್ಮಲ್ ಎನ್ನುತ್ತಿದ್ದೆನೇನೋ" ಎಂದರು. ಹಾಗಾಗಿ ಯಾರ ತಪ್ಪು ಎಂಬ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಚೀಟಿಯಲ್ಲಿ ಒಂದು ಸಾಲು ಬರೆಯದಿದ್ದದ್ದರ ಬಗ್ಗೆ ಸಿಟ್ಟು ಇನ್ನೂ ಇದೆ, ಇರಬೇಕಾದದ್ದೇ. ಆದರೆ ಯಂತ್ರದ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ನಂಬಿಕೆ ವಾಪಸ್ ಬರಲು ಶುರುವಾದದ್ದು ಒಂದು ವಿಚಿತ್ರ ರೀತಿಯಲ್ಲಿ. ಚಿಕಿತ್ಸೆಯ ನಂತರದ ಎರಡನೆಯ ವರ್ಷ ಬಲಗಡೆಯ ಮ್ಯಾಮೋಗ್ರಾಮ್‌ಗೆ ಹೋಗಿದ್ದೆ. ಅಲ್ಲಿಯ ರೇಡಿಯಾಲಜಿಸ್ಟ್, ಒಬ್ಬ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ, ನನ್ನನ್ನು ಒಳಗೆ ಕರೆದು ಕಂಪ್ಯೂಟರ್ ಮುಂದೆ ಕೂರಿಸಿದಳು. "ಮಾವಶಿ, ಈ ಕಪ್ಪು ಭಾಗದಲ್ಲಿ ಏನೂ ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಈ ಬಿಳಿ ಭಾಗದಲ್ಲಿ ನನಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಸೋನೋಗ್ರಫಿ ಮಾಡೋಣ" ಎಂದಳು. "ನನಗೆ ಕಾಣುವುದಿಲ್ಲ" ಎಂದು ಒಬ್ಬ ಡಾಕ್ಟರ್ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಎಲ್ಲ ಸರಿ ಇದೆ ಎಂದವರನ್ನು ನಂಬಲಾಗದ ನನಗೆ, ಇಲ್ಲಿ ಕಾಣುವುದಿಲ್ಲ ಎಂದವಳ ಮಾತಿನ ಮೇಲೆ ನಂಬಿಕೆ ಹುಟ್ಟಿತು. ಇಂದಿಗೂ ನಾನು ಅವಳ ಹತ್ತಿರವೇ ಹೋಗುತ್ತೇನೆ.

ಇನ್ನೊಂದು ಮಾತು, ಹೆದರಿಕೆಯಿಂದ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಬೇಕು ಅನಿಸುತ್ತದೆ. ಮೂರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡಿಬಿಡಿ ಎಂದು ನನ್ನ ಕ್ಯಾನ್ಸರ್ ಡಾಕ್ಟರನ್ನು ಕೇಳಿದ್ದೆ. ಅವರು ಬೇಡ ಎಂದರು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದು, ಯಾವ ತೊಂದರೆಯೂ ಇಲ್ಲದವರಿಗೆ ಸುಮ್ಮನೆ ಪೆಟ್ ಸ್ಕ್ಯಾನ್ ಮಾಡಬಾರದೆಂದೇ ತಜ್ಞರ ಮಾರ್ಗಸೂಚಿ ಇದೆ. ಅದರಲ್ಲಿ ಏನೇನೋ ಹೊಳೆದು, ಅದಕ್ಕೆ ಇನ್ನೊಂದು ಪರೀಕ್ಷೆ, ಮತ್ತೊಂದು ಸೂಜಿ ಎಂದು ಸುತ್ತಾಟ ಶುರುವಾಗುತ್ತದೆ. ವರ್ಷಕ್ಕೊಂದು ಮ್ಯಾಮೋಗ್ರಾಮ್, ಡಾಕ್ಟರ ಕೈಯಿಂದ ಪರೀಕ್ಷೆ, ಹೊಸದಾಗಿ ನೋವು ಗೀವು ಏನಾದರೂ ಕಂಡರೆ ತಕ್ಷಣ ಹೇಳುವುದು, ಇಷ್ಟು ಸಾಕು ಎಂದರು.

ಕೈಯಿಂದ ಪರೀಕ್ಷೆ ಎಂದೆ. ಸ್ಕ್ಯಾನಿಂಗ್ ಕಾಲದಲ್ಲಿ ಇದನ್ನು ನಾವು ಕೀಳಾಗಿ ನೋಡುತ್ತೇವೆ. ನಮ್ಮ ಮುಂಬಯಿಯಲ್ಲೇ ಇದರ ಬಗ್ಗೆ ದೊಡ್ಡ ಅಧ್ಯಯನ ನಡೆದಿದೆ. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರು ಇದನ್ನು ಶುರು ಮಾಡಿದರು. ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರು, ವಯಸ್ಸು 35ರಿಂದ 64. ಅವರಲ್ಲಿ ಸುಮಾರು ಅರ್ಧ ಜನಕ್ಕೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಚಿಕ್ಕ ವಯಸ್ಸಿನವರಲ್ಲಿ ಅಂಥ ಇಳಿತ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಯಂತ್ರವಿಲ್ಲದೆ, ಕಲಿತ ಕೈ ಇಷ್ಟು ಮಾಡಬಲ್ಲದು ಎಂಬುದು ಸಣ್ಣ ಮಾತಲ್ಲ.

ನಾನು ಕೆಲಸ ಮಾಡಿದ ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಅದನ್ನು ಪಾಸ್ ಮಾಡಬೇಕು. ಮೊದಲನೆಯವರ ಮೇಲೆ ಅಪನಂಬಿಕೆಯಿಂದಲ್ಲ, ಮನುಷ್ಯರ ಕಣ್ಣು ತಪ್ಪುತ್ತದೆ ಎಂಬ ತಿಳಿವಳಿಕೆಯಿಂದ. ಇಂಗ್ಲೆಂಡಿನ ಸರ್ಕಾರಿ ತಪಾಸಣೆಯಲ್ಲಿ ಪ್ರತಿ ಮ್ಯಾಮೋಗ್ರಾಮನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡುತ್ತಾರೆ. ಸ್ತನದ ವಿಷಯದಲ್ಲಿ ಡಾಕ್ಟರುಗಳ ನಿಯಮವೂ ಇಂಥದ್ದೇ, ಮೂರು ಸಾಕ್ಷಿ. ಕೈಯಿಂದ ಪರೀಕ್ಷೆ, ಚಿತ್ರ, ಅಗತ್ಯವಿದ್ದರೆ ಬಯಾಪ್ಸಿ. ಮೂರೂ ಒಂದೇ ಮಾತು ಹೇಳಬೇಕು. ಕೈಗೆ ಅನುಮಾನ ಬಂದು ಚಿತ್ರ ನಾರ್ಮಲ್ ಎಂದರೆ, ಲೆಕ್ಕ ಇನ್ನೂ ತಾಳೆಯಾಗಿಲ್ಲ ಎಂದರ್ಥ.

ಈಗ ಮನೆಗೆ ತೆಗೆದುಕೊಂಡು ಹೋಗಲು ಐದು ವಿಷಯ ಹೇಳುತ್ತೇನೆ.

ಮೊದಲನೆಯದು ಚೀಟಿ. ನಿಮ್ಮ ತೊಂದರೆ ಏನು, ಯಾವ ಕಡೆ, ಎಷ್ಟು ದಿನದಿಂದ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಅಲ್ಲಿ ಹೋದ ಮೇಲೆ ಯಂತ್ರದ ಹತ್ತಿರ ಇರುವವರಿಗೂ ಬೆರಳಿಟ್ಟು ತೋರಿಸಿ. ನಾಚಿಕೆ ಬೇಡ.

ಎರಡನೆಯದು, ಹಳೆಯ ಫಿಲ್ಮ್, ಸಿಡಿ ಎಸೆಯಬೇಡಿ. ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿದಾಗಲೇ ಬದಲಾವಣೆ ಗೊತ್ತಾಗುವುದು. ಬರೀ ರಿಪೋರ್ಟ್ ಕಾಗದ ಸಾಲದು.

ಮೂರನೆಯದು, ರಿಪೋರ್ಟಿನಲ್ಲಿ ಎರಡು ವಿಷಯ ಹುಡುಕಿ. ಒಂದು ಡೆನ್ಸಿಟಿ, ಎ ಇಂದ ಡಿ ತನಕ ಇರುತ್ತದೆ. ಸಿ ಅಥವಾ ಡಿ ಇದ್ದರೆ ಸೋನೋಗ್ರಫಿ ಬೇಕೇ ಎಂದು ಕೇಳಿ. ಇನ್ನೊಂದು ಬೈರಾಡ್ಸ್ ಎಂಬ ಸಂಖ್ಯೆ, 0ಯಿಂದ 6ರ ತನಕ. 0 ಎಂದರೆ ಏನೂ ಇಲ್ಲ ಎಂದಲ್ಲ, ಪರೀಕ್ಷೆ ಪೂರ್ತಿಯಾಗಿಲ್ಲ, ಇನ್ನೂ ನೋಡಬೇಕು ಎಂದು. 1, 2 ಆದರೆ ಅನುಮಾನವಿಲ್ಲ. 3 ಆದರೆ ಬಹುಮಟ್ಟಿಗೆ ಸಾಧಾರಣ ಗಂಟು, ಆದರೆ ಹೇಳಿದ ಅವಧಿಗೆ ಮತ್ತೆ ತೋರಿಸಬೇಕು. 4, 5 ಆದರೆ ಬಯಾಪ್ಸಿ ಬೇಕು. 6 ಎಂದರೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಆಗಲೇ ಖಚಿತವಾದದ್ದು.

ನಾಲ್ಕನೆಯದು ಬಹಳ ಮುಖ್ಯ. ರಿಪೋರ್ಟ್ ನಾರ್ಮಲ್, ಆದರೆ ಕೈಗೆ ತಗಲುವುದು ಹಾಗೇ ಇದೆ ಎಂದರೆ ವರ್ಷ ಕಾಯಬೇಡಿ. "ನಾರ್ಮಲ್ ಆದರೆ ಇದು ಏನು?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪರೀಕ್ಷೆ ಮುಗಿದಿಲ್ಲ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಕೇಳಿ ಬಯಾಪ್ಸಿಗೆ ಹೆದರಬೇಡಿ.

ಐದನೆಯದು ಹಕ್ಕು. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ, ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ಇನ್ನೊಬ್ಬರಿಗೆ ತೋರಿಸುತ್ತೇನೆ ಎಂದರೆ ಡಾಕ್ಟರಿಗೆ ಅವಮಾನ ಮಾಡಿದ ಹಾಗಲ್ಲ.

2022ರ ಜಾಗತಿಕ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂತು. ಅದರಲ್ಲಿ ನಮ್ಮಂಥವರು, ನಮ್ಮ ಅಕ್ಕತಂಗಿಯರು, ಸೊಸೆಯಂದಿರು ಎಲ್ಲ ಇದ್ದಾರೆ. ಎಷ್ಟೋ ಜನ ಊರು ಬಿಟ್ಟು ಇಲ್ಲಿ ಒಬ್ಬರೇ ಆಸ್ಪತ್ರೆಗೆ ಹೋಗುತ್ತಾರೆ. ಡಾಕ್ಟರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದು ಹೆದರಿಕೆಯಲ್ಲಿ ಅರ್ಧ ಕಿವಿಗೆ ಬೀಳುತ್ತದೆ, ಅರ್ಧ ಬೀಳುವುದಿಲ್ಲ.

ಅದಕ್ಕೆ ವೇದಿಕೆಗೆ ನನ್ನದೊಂದು ವಿನಂತಿ. ಅರಿಶಿನ ಕುಂಕುಮಕ್ಕೆ, ಪಿಕ್‌ನಿಕ್‌ಗೆ ನಾವು ಪಟ್ಟಿ ಮಾಡುತ್ತೇವಲ್ಲ, ಹಾಗೇ ಇನ್ನೊಂದು ಪಟ್ಟಿ ಮಾಡೋಣ. ಯಾರಿಗೆ ಪರೀಕ್ಷೆ ಇದೆಯೋ ಅವರ ಜೊತೆ ಹೋಗಲು ತಯಾರಿರುವವರ ಪಟ್ಟಿ. ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡರೆ ಸಾಕು. ಎರಡನೆಯ ಸಹಿ ಹಾಕುವ ಕೆಲಸ ಎಂದುಕೊಳ್ಳಿ. ಸೆಂಟ್ರಲ್ ಲೈನಿನಲ್ಲಿ ಠಾಣೆಯಿಂದ ಅಂಬರನಾಥದವರೆಗೆ ಯಾರೇ ಕರೆದರೂ ನಾನು ಬರುತ್ತೇನೆ, ಮೊದಲ ಹೆಸರು ನನ್ನದೇ ಬರೆದುಕೊಳ್ಳಿ. ಫೋನ್ ಮಾಡಿದ್ದ ಆ ತಂಗಿ ಕೊನೆಗೆ ಮ್ಯಾಮೋಗ್ರಾಮ್ ಮಾಡಿಸಿಕೊಂಡರು, ಡೆನ್ಸಿಟಿ ಎಷ್ಟು ಎಂದು ತಾವೇ ಕೇಳಿ ತಿಳಿದುಕೊಂಡರು. ಎರಡನೆಯ ಹೆಸರು ಅವರದು.

ಪ್ರಶ್ನೆ ಇದ್ದರೆ ಈಗಲೇ ಕೇಳಿ. ಎಲ್ಲರ ಮುಂದೆ ಕೇಳಲು ಸಂಕೋಚವಾದರೆ ಚಹಾ ಹೊತ್ತಿಗೆ ನನ್ನ ಪಕ್ಕ ಬಂದು ಕೂತುಕೊಳ್ಳಿ.